ರಾತ್ರಿ ಪಾಳಿ ಯಾರದು?

ಮಸ್ಕ್ಯುಲರ್ ಡಿಸ್ಟ್ರೋಫಿ ಇರುವ ಹುಡುಗರ ತಾಯಂದಿರು ವರ್ಷಗಟ್ಟಲೆ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಪ್ಯಾಲಿಯೇಟಿವ್ ಕೇರ್ ಅನ್ನೋದು ಅವರಿಗೂ ಸೇರಿದ್ದು.

ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕವ್ವನ ಮನೆ. ಕೆಲವು ವರ್ಷಗಳ ಹಿಂದೆ ದೀಪಾವಳಿ ರಜೆಗೆ ಹೋದಾಗ ಪಡಸಾಲೆಯಲ್ಲಿ ಮಲಗಿದ್ದೆ. ರಾತ್ರಿ ಹನ್ನೊಂದೂವರೆಗೆ ಒಳಗಿನ ಕೋಣೆಯಿಂದ ತಮ್ಮನ ದನಿ ಬಂತು: “ಯವ್ವಾ, ಒಂಚೂರ ಹೊಳ್ಳಸ.” ಚಿಕ್ಕವ್ವ ಎದ್ದು ಹೋಗಿ ಅವನನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಂದಳು. ಒಂದೂವರೆಗೆ ಮತ್ತೆ ಅದೇ ದನಿ. ಮೂರಕ್ಕೆ. ನಾಲ್ಕೂವರೆಗೆ. ಐದೂವರೆಗೆ ಅವಳು ಎದ್ದೇಬಿಟ್ಟಳು, ನೀರು ತುಂಬಬೇಕಿತ್ತು.

ನನ್ನ ಕೆಲಸದಲ್ಲಿ ಆನ್-ಕಾಲ್ ಅಂತ ಒಂದಿದೆ. ಮಧ್ಯರಾತ್ರಿ ಸರ್ವರ್ ಬಿದ್ದರೆ ಫೋನ್ ಬರುತ್ತೆ, ಎದ್ದು ನೋಡಬೇಕು. ವಾರಕ್ಕೊಬ್ಬರ ಸರದಿ. ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನ ತಡವಾಗಿ ಲಾಗಿನ್ ಆಗುತ್ತೇವೆ, ಮ್ಯಾನೇಜರ್ ಕೂಡ ಏನೂ ಅನ್ನಲ್ಲ. ಚಿಕ್ಕವ್ವ ಸುಮಾರು ಹತ್ತು ವರ್ಷ ಹೀಗೆ ಆನ್-ಕಾಲ್ ಇದ್ದಳು. ಸರದಿ ಬದಲಾಯಿಸಲು ಇನ್ನೊಬ್ಬರು ಇರಲಿಲ್ಲ.

ಎರಡು ವರ್ಷದ ಹಿಂದೆ ತಮ್ಮ ತೀರಿಕೊಂಡ. ಅವನಿಗೆ 21. ಆಮೇಲೆ ಓದಿ, ಕೇಳಿ ತಿಳಿದುಕೊಂಡ ಎಷ್ಟೋ ವಿಷಯ ಅವನು ಇದ್ದಾಗಲೇ ನಮಗೆ ಗೊತ್ತಿರಬೇಕಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಊರಲ್ಲೂ ಇಂಥ ಒಂದು ಮನೆ ಇರಬಹುದು.

ಕಾಲಿನಿಂದ ಶುರು

ಮಸ್ಕ್ಯುಲರ್ ಡಿಸ್ಟ್ರೋಫಿ ಅಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತ ಹೋಗುವ ಕಾಯಿಲೆಗಳ ಗುಂಪು. ಅದರಲ್ಲಿ ಗಂಡುಮಕ್ಕಳಿಗೆ ಹೆಚ್ಚಾಗಿ ಬರುವುದು ಡುಶೆನ್ ಎಂಬ ಬಗೆ. ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತೆ. ಸ್ನಾಯುವಿನ ಕೋಶಗಳನ್ನು ಗಟ್ಟಿಯಾಗಿ ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇವರ ಮೈಯಲ್ಲಿ ತಯಾರಾಗುವುದಿಲ್ಲ. ಈ ಪ್ರೋಟೀನ್ ಪತ್ತೆಯಾಗಿದ್ದು 1987ರಲ್ಲಿ.

ಮೂರರಿಂದ ಐದು ವರ್ಷದೊಳಗೆ ಲಕ್ಷಣ ಕಾಣುತ್ತೆ. ಪದೇ ಪದೇ ಬೀಳೋದು, ತುದಿಗಾಲಲ್ಲಿ ನಡೆಯೋದು, ಮೆಟ್ಟಿಲು ಹತ್ತಲು ಒದ್ದಾಡೋದು. ಮೀನಖಂಡ ದಪ್ಪ ಕಾಣುವುದರಿಂದ ‘ಹುಡುಗ ಗಟ್ಟಿಮುಟ್ಟ ಅದಾನ’ ಅಂತ ಮನೆಯವರು ಖುಷಿಪಡುವುದೂ ಉಂಟು. ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಹತ್ತಿದಂತೆ ಏಳುತ್ತಾನೆ. ತಮ್ಮ ಹಾಗೆ ಏಳುವುದನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ಸೋಮಾರಿ ಅಂತ ಬೈದದ್ದೂ ಇದೆ.

ಹತ್ತು ಹನ್ನೆರಡು ವರ್ಷದ ಹೊತ್ತಿಗೆ ನಡಿಗೆ ನಿಲ್ಲುತ್ತೆ. ಆಮೇಲೆ ತೋಳು, ಬೆನ್ನು, ಉಸಿರಾಟದ ಸ್ನಾಯು, ಹೃದಯ. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಸ್ಟೀರಾಯ್ಡ್ ಮಾತ್ರೆ ನಡಿಗೆಯ ಕಾಲವನ್ನು ಕೆಲವು ವರ್ಷ ಮುಂದೂಡುತ್ತೆ, ಹೃದಯಕ್ಕೆ ಮಾತ್ರೆ ಇದೆ, ಉಸಿರಾಟಕ್ಕೆ ಯಂತ್ರದ ನೆರವಿದೆ. ಹಿಂದೆ ಹದಿಹರೆಯ ದಾಟುವುದೇ ಕಷ್ಟವಿತ್ತು. ಈಗ ಒಳ್ಳೆಯ ಆರೈಕೆ ಸಿಕ್ಕ ಕಡೆ ಮೂವತ್ತು ದಾಟಿದವರು ಇದ್ದಾರೆ.

ವಾಟ್ಸಾಪ್‌ನಲ್ಲಿ ಬರುವ ‘ಹದಿನಾರು ಕೋಟಿಯ ಇಂಜೆಕ್ಷನ್’ ಎಸ್‌ಎಂಎ ಎಂಬ ಬೇರೆ ಕಾಯಿಲೆಯದು. ಡುಶೆನ್‌ಗೆ ಅಮೆರಿಕದಲ್ಲಿ 2023ರಲ್ಲಿ ಒಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. 2025ರಲ್ಲಿ, ನಡಿಗೆ ನಿಂತಿದ್ದ ಇಬ್ಬರು ಹುಡುಗರು ಅದನ್ನು ಪಡೆದ ಮೇಲೆ ಯಕೃತ್ತು ವಿಫಲವಾಗಿ ತೀರಿಕೊಂಡರು. ಅಂಥ ಹುಡುಗರಿಗೆ ಅದನ್ನು ಕೊಡುವುದು ನಿಂತಿತು. ಹೊಲ ಮಾರುವ ಮೊದಲು ಇದು ಗೊತ್ತಿರಲಿ.

ನೂರು ಕಿಲೋಮೀಟರ್ ಮತ್ತು ಮೂರು ಮೆಟ್ಟಿಲು

ನಮ್ಮ ಕಡೆಯ ನಾಲ್ಕು ತಾಲೂಕುಗಳನ್ನೇ ತಗೊಳ್ಳಿ. ಕಿತ್ತೂರು ಬೆಳಗಾವಿ-ಧಾರವಾಡದ ನಡುವೆ ಹೆದ್ದಾರಿ ಮೇಲೇ ಇದೆ. ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿಲೋಮೀಟರ್. ಸವದತ್ತಿಯವರಿಗೆ ಧಾರವಾಡ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿಯೂ ದೂರ, ಹುಬ್ಬಳ್ಳಿಯೂ ದೂರ, ನೂರು ಕಿಲೋಮೀಟರ್ ಆಸುಪಾಸು. ಜೀನ್ ಪರೀಕ್ಷೆ, ಸ್ನಾಯುರೋಗದ ಪರಿಣತರು ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಕಡೆ ರಾತ್ರಿ ಬಸ್ಸು.

ಕಿಲೋಮೀಟರಿಗಿಂತ ಕಷ್ಟದ್ದು ಬಸ್ಸಿನ ಮೂರು ಮೆಟ್ಟಿಲು. ಹದಿನಾರು ವರ್ಷದ ಹುಡುಗನನ್ನು ಕಾಕಾ ಬೆನ್ನ ಮೇಲೆ ಹೊತ್ತು ಹತ್ತಿಸಬೇಕಿತ್ತು. ಸ್ನಾಯು ಸಡಿಲ ಇರುವುದರಿಂದ ಕಂಕುಳಲ್ಲಿ ಹಿಡಿದು ಎತ್ತಿದರೆ ಭುಜ ಜಾರುತ್ತೆ, ನೋಯುತ್ತೆ. ಟಂಟಂ ಹಿಡಿದು, ಬಸ್ ಬದಲಿಸಿ, ಸಾಲಲ್ಲಿ ಕೂತು, ಐದು ನಿಮಿಷ ಡಾಕ್ಟರ್ ನೋಡಿ, ‘ಇದಕ್ಕೆ ಏನೂ ಮಾಡಲಾಗದು’ ಅಂತ ಕೇಳಿಸಿಕೊಂಡು ರಾತ್ರಿ ಮನೆಗೆ ಬರೋದು. ಹೀಗೆ ನಾಲ್ಕೈದು ಸಲ ಆದ ಮೇಲೆ ಕಾಕಾ ಹೋಗುವುದನ್ನೇ ಬಿಟ್ಟರು. ಯಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತರು. ಅದರಲ್ಲಿ ತಪ್ಪೇನೂ ಇಲ್ಲ, ಅಲ್ಲಿಯಾದರೂ ಯಾರೋ ಕೇಳಿಸಿಕೊಳ್ಳುತ್ತಾರೆ ಅನ್ನೋ ನಂಬಿಕೆ.

‘ಏನೂ ಮಾಡಲಾಗದು’ ಅನ್ನೋ ಆ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಆರೇಳು ವರ್ಷ ಕಳೆದುಹೋಯಿತು. ಗುಣ ಮಾಡಲಾಗದು ಅನ್ನೋದು ನಿಜ. ಆದರೆ ಮಾಡುವುದು ಬೇಕಾದಷ್ಟಿತ್ತು. ಅದರ ಹೆಸರೇ ಪ್ಯಾಲಿಯೇಟಿವ್ ಕೇರ್, ಕನ್ನಡದಲ್ಲಿ ಉಪಶಮನ ಆರೈಕೆ.

ಕೊನೆಯ ವಾರದ ಮಾತಲ್ಲ

ಪ್ಯಾಲಿಯೇಟಿವ್ ಅಂದ ಕೂಡಲೇ ನಮಗೆ ಕ್ಯಾನ್ಸರ್, ಸಾವಿನ ಹಾಸಿಗೆ ನೆನಪಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲೇ ಹೇಳಿರುವ ಪ್ರಕಾರ ಇದು ಕಾಯಿಲೆಯ ಆರಂಭದಿಂದಲೇ ಉಳಿದ ಚಿಕಿತ್ಸೆಯ ಜೊತೆಗೇ ನಡೆಯಬೇಕಾದ್ದು. ಅದು ರೋಗಿಗೂ, ಅವರ ಮನೆಯವರಿಗೂ ಸೇರಿದ್ದು.

ನಮ್ಮ ಮನೆಯ ಲೆಕ್ಕದಲ್ಲಿ ಅದು ಏನೇನು ಆಗಬಹುದಿತ್ತು?

ಮೊದಲನೆಯದು ರಾತ್ರಿ. ಈ ಕಾಯಿಲೆಯಲ್ಲಿ ಸ್ಪರ್ಶ ಪೂರ್ತಿ ಇರುತ್ತೆ. ಸೊಳ್ಳೆ ಕೂತರೂ ಗೊತ್ತಾಗುತ್ತೆ, ಓಡಿಸಲು ಕೈ ಏಳಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಸೊಂಟ, ಮಂಡಿ ಉರಿಯುತ್ತೆ, ತಾನಾಗಿ ಹೊರಳಲು ಆಗಲ್ಲ. ಮೈಕೆಳಗೆ ಒಂದು ಜಾರುವ ಬಟ್ಟೆ ಹಾಕಿದರೆ ಒಬ್ಬರೇ ಸುಲಭವಾಗಿ ಹೊರಳಿಸಬಹುದು. ಮಂಡಿ ನಡುವೆ ದಿಂಬು, ಹಿಮ್ಮಡಿ ಕೆಳಗೆ ಮಡಚಿದ ದುಪ್ಪಟಿ ಇಟ್ಟರೆ ಎರಡು ಗಂಟೆಯ ಬದಲು ಮೂರು ಗಂಟೆ ನಿದ್ದೆ ಸಿಗಬಹುದು. ಚಿಕ್ಕವ್ವನಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಅವಳ ಬೆನ್ನು ಹೋಯಿತು.

ಎರಡನೆಯದು ಉಸಿರು. ತಮ್ಮ ಹದಿನೆಂಟರ ಹೊತ್ತಿಗೆ ಬೆಳಿಗ್ಗೆ ತಲೆನೋವು ಅನ್ನೋಕೆ ಶುರುಮಾಡಿದ. ಹಗಲೆಲ್ಲ ತೂಕಡಿಕೆ, ಊಟ ಬೇಡ, ರಾತ್ರಿ ಕೆಟ್ಟ ಕನಸು. ಮೊಬೈಲ್ ಜಾಸ್ತಿ ನೋಡ್ತಾನೆ ಅಂತ ಬೈದೆವು. ನಿದ್ದೆಯಲ್ಲಿ ಉಸಿರಾಟ ಸಾಲದೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ಆಗುವುದೇ ಹೀಗೆ. ಮುಖಕ್ಕೆ ಮಾಸ್ಕ್ ಹಾಕುವ ಬೈಪ್ಯಾಪ್ ಯಂತ್ರ ರಾತ್ರಿ ಹೊತ್ತು ಬಳಸಿದರೆ ಇವೆಲ್ಲ ಕಡಿಮೆ ಆಗುತ್ತೆ, ಆಯುಷ್ಯವೂ ಹೆಚ್ಚುತ್ತೆ. ಬೆಲೆ ಹತ್ತಾರು ಸಾವಿರ. ಕರೆಂಟ್ ಹೋದಾಗ ಏನು ಮಾಡಬೇಕು ಅಂತ ಬ್ಯಾಟರಿ ವ್ಯವಸ್ಥೆಯನ್ನೂ ಮೊದಲೇ ಯೋಚಿಸಬೇಕು.

ಮೂರನೆಯದು ಕೆಮ್ಮು. ಕೆಮ್ಮುವ ಶಕ್ತಿ ಇಲ್ಲದವರಿಗೆ ಸಣ್ಣ ನೆಗಡಿಯೂ ನ್ಯುಮೋನಿಯಾ ಆಗಬಹುದು. ಆಂಬು ಬ್ಯಾಗ್ ಎಂಬ ರಬ್ಬರ್ ಚೀಲದಿಂದ ಗಾಳಿ ತುಂಬಿಸಿ, ಹೊಟ್ಟೆ ಒತ್ತಿ ಕೆಮ್ಮಿಸುವ ವಿಧಾನವನ್ನು ಫಿಸಿಯೋಥೆರಪಿಸ್ಟ್ ಮನೆಯವರಿಗೆ ಕಲಿಸಬಹುದು. ಒಮ್ಮೆ ಕಲಿತರೆ ಮನೆಯಲ್ಲೇ ಮಾಡಬಹುದು.

ನಾಲ್ಕನೆಯದು, ತಾಯಿಗೆ ಒಂದು ಪ್ರಶ್ನೆ: ‘ನಿಮಗ ನಿದ್ದಿ ಆಗತೈತೇನ್ರಿ?’ ಹತ್ತು ವರ್ಷದಲ್ಲಿ ಯಾರೂ ಇದನ್ನು ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ದುಡ್ಡು ಕಳಿಸುತ್ತಿದ್ದೆ, ಅಷ್ಟೇ.

ತಾಯಿ ಕಡೆಯಿಂದ ಬಂತಂತೆ

ಬೈಲಹೊಂಗಲದಲ್ಲಿ ನನ್ನ ಅಜ್ಜಿಯ ಮನೆ ಗೋಡೆ ಮೇಲೆ ಒಬ್ಬ ಹುಡುಗನ ಫೋಟೋ ಇದೆ, ಮಾಲೆ ಹಾಕಿದ್ದು. ನನ್ನ ಸೋದರಮಾವ. ನಾನು ಹುಟ್ಟುವ ಮೊದಲೇ, ಹದಿನೇಳಕ್ಕೆ ತೀರಿಕೊಂಡ. “ಕಾಲಾಗಿನ ಶಕ್ತಿ ಹ್ವಾತು” ಅಂತಷ್ಟೇ ಅಜ್ಜಿ ಹೇಳುತ್ತಿದ್ದಳು. ತಮ್ಮನ ಜೀನ್ ಪರೀಕ್ಷೆಯ ವರದಿ ಬಂದ ದಿನ ಆ ಫೋಟೋದ ಅರ್ಥ ನಮಗೆಲ್ಲ ತಿಳಿಯಿತು.

ಡುಶೆನ್‌ನ ದೋಷ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾಳೆ, ವಾಹಕಿ ಆಗಿರುತ್ತಾಳೆ ಅಷ್ಟೇ. ಅವಳ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ, ಪ್ರತಿ ಹೆಣ್ಣುಮಗುವೂ ವಾಹಕಿ ಆಗುವ ಸಾಧ್ಯತೆ ಅರ್ಧ. ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ ತಾಯಿಗೆ ದೋಷವೇ ಇರಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತೆ.

ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇದೆ. ‘ರಕ್ತಸಂಬಂಧದಾಗ ಮಾಡಿದ್ದಕ್ಕ ಹಿಂಗಾತು’ ಅನ್ನುವವರು ಬಹಳ. ಲಿಂಬ್-ಗರ್ಡಲ್ ಎಂಬ ಇನ್ನೊಂದು ಗುಂಪಿನ ಹಲವು ಬಗೆಗಳಿಗೆ ಈ ಮಾತು ಹೊಂದುತ್ತೆ, ಅಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬರಬೇಕು. ಡುಶೆನ್‌ಗೆ ಹೊಂದಲ್ಲ. ಚಿಕ್ಕವ್ವನ ಮದುವೆ ಸಂಬಂಧದಲ್ಲಿ ಆದದ್ದೂ ಅಲ್ಲ. ಆದರೂ ಅವಳು ‘ನಿನ್ನ ತವರಿಂದ ಬಂತು’ ಅನ್ನೋ ಮಾತನ್ನು ವರ್ಷಗಟ್ಟಲೆ ಕೇಳಿದಳು.

ನನ್ನ ಮದುವೆ ಮಾತು ಬಂದಾಗ ಪರೀಕ್ಷೆ ಮಾಡಿಸೋಣ ಅಂದೆ. ಮೊದಲು ಕಾಯಿಲೆ ಇರುವ ಹುಡುಗನ ದೋಷ ಯಾವುದೆಂದು ಗೊತ್ತಿರಬೇಕು, ಆಮೇಲೆ ಅದೇ ದೋಷವನ್ನು ಹೆಣ್ಣುಮಕ್ಕಳಲ್ಲಿ ಹುಡುಕುತ್ತಾರೆ. ನನ್ನ ಅವ್ವನ ರಕ್ತ ಕೊಟ್ಟೆವು. ಅವಳಲ್ಲಿ ಇರಲಿಲ್ಲ, ಹಾಗಾಗಿ ನನ್ನಲ್ಲೂ ಇಲ್ಲ. ಅವ್ವ ಖುಷಿಪಡಲಿಲ್ಲ. “ಒಂದ ತಾಯಿ ಮಕ್ಕಳು ನಾವು. ಆಕಿಗೆ ಬಂತು, ನನಗ ಬರ್ಲಿಲ್ಲ. ಇದ್ರಾಗ ಆಕಿ ತಪ್ಪೇನೈತಿ?” ಅಂದಳು. ಆ ಮಾತನ್ನು ಚಿಕ್ಕವ್ವನ ಅತ್ತೆಯ ಎದುರಿಗೇ ಹೋಗಿ ಹೇಳಿದಳು ಕೂಡ.

ವಾಹಕಿಯರು ತಮ್ಮ ಹೃದಯದ ತಪಾಸಣೆಯನ್ನೂ ಮಾಡಿಸಿಕೊಳ್ಳುತ್ತಿರಬೇಕು. ಕೆಲವರಲ್ಲಿ ವಯಸ್ಸಾದಂತೆ ಹೃದಯದ ಸ್ನಾಯು ದುರ್ಬಲ ಆಗುತ್ತೆ. ಮಗನ ಓಡಾಟದಲ್ಲಿ ತಾಯಿಯ ಇಸಿಜಿ, ಎಕೋ ಯಾರಿಗೂ ನೆನಪಾಗಲ್ಲ.

ಹುಡುಗನಿಗೆ ಗೊತ್ತಿರುತ್ತೆ

ತಮ್ಮನಿಗೆ ಕಾಯಿಲೆಯ ಹೆಸರು ಹೇಳಬಾರದು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ‘ವ್ಯಾಯಾಮ ಮಾಡು, ಆರಾಮ ಆಗತೈತಿ’ ಅಂತಲೇ ಎಲ್ಲರ ಮಾತು. ಅವನು ತೀರಿಕೊಂಡ ಮೇಲೆ ಫೋನ್ ತೆಗೆದು ನೋಡಿದೆ. ಹದಿನಾಲ್ಕನೇ ವಯಸ್ಸಿಗೇ ಯೂಟ್ಯೂಬಿನಲ್ಲಿ ಕಾಯಿಲೆಯ ಹೆಸರು ಹುಡುಕಿದ್ದ. ಎಷ್ಟು ವರ್ಷ ಬದುಕುತ್ತಾರೆ ಅಂತಲೂ ಹುಡುಕಿದ್ದ. ಏಳು ವರ್ಷ ಅವನು ನಮ್ಮ ಮುಂದೆ ಗೊತ್ತಿಲ್ಲದವನಂತೆ ಇದ್ದ. ನಾವೂ ಅವನ ಮುಂದೆ ಹಾಗೇ ಇದ್ದೆವು.

ಹೆಬ್ಬೆರಳು ಕೊನೆಯವರೆಗೂ ಆಡುತ್ತಿತ್ತು. ಅದರಿಂದಲೇ ಫೋನಿನಲ್ಲಿ ಬರ್ತಡೇ ಬ್ಯಾನರ್, ಮದುವೆ ಆಮಂತ್ರಣ, ಗಣಪತಿ ಮಂಡಳಿಯ ಪೋಸ್ಟರ್ ಮಾಡುತ್ತಿದ್ದ. ಒಂದಕ್ಕೆ ನೂರು ರೂಪಾಯಿ. ಊರ ಹುಡುಗರು ಅವನ ಮಂಚದ ಸುತ್ತ ಕೂತು ‘ಹೆಸರು ದೊಡ್ಡದು ಹಾಕಲೇ’ ಅಂತ ಜಗಳ ಆಡುತ್ತಿದ್ದರು. ಅವನು ತೀರಿಕೊಂಡ ದಿನ ಬಸ್ ಸ್ಟ್ಯಾಂಡಿನಲ್ಲಿ ಹಾಕಿದ ಶ್ರದ್ಧಾಂಜಲಿ ಬ್ಯಾನರ್ ಅವನದೇ ಡಿಸೈನ್. ಬೇರೆಯವರಿಗೆ ಅಂತ ಮಾಡಿಟ್ಟಿದ್ದರಲ್ಲಿ ಹುಡುಗರು ಫೋಟೋ ಬದಲಿಸಿದ್ದರು.

ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಡುಶೆನ್ ಇದ್ದ ಯುವಕ 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿ ಗೇಮ್ ಆಡಿಕೊಂಡೇ ಕಾಲ ಕಳೆದ ಅಂತ ತಂದೆ ತಾಯಿ ದುಃಖಪಟ್ಟಿದ್ದರು. ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ಹಾಕಿದಾಗ ಬೇರೆ ಬೇರೆ ದೇಶಗಳ ಗೆಳೆಯರಿಂದ ಪತ್ರಗಳು ಬರತೊಡಗಿದವು. ಅವನ ಮೇಲಿನ ಸಾಕ್ಷ್ಯಚಿತ್ರ 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ನೋಡಿದಾಗ ನನಗೆ ನೆನಪಾದದ್ದು ನಮ್ಮ ಊರ ಬಸ್ ಸ್ಟ್ಯಾಂಡು.

ಈ ಹುಡುಗರ ಜೊತೆ ವಯಸ್ಸಿಗೆ ತಕ್ಕಂತೆ ನಿಜ ಮಾತಾಡುವುದು ಕೂಡ ಪ್ಯಾಲಿಯೇಟಿವ್ ಕೇರಿನ ಭಾಗ. ಭವಿಷ್ಯ ಹೇಳಬೇಕಾಗಿಲ್ಲ. ‘ನಿನಗೆ ಏನು ಗೊತ್ತು? ಏನು ಕೇಳಬೇಕು ಅನಿಸುತ್ತೆ?’ ಅಂತ ಶುರುಮಾಡಿದರೆ ಸಾಕು.

ಐಸಿಯು ಬಾಗಿಲಲ್ಲಿ ಕೇಳಿದ ಪ್ರಶ್ನೆ

ಮಳೆಗಾಲದ ಒಂದು ನೆಗಡಿಯಿಂದ ಶುರುವಾಯಿತು. ಮೂರನೇ ದಿನ ತಮ್ಮನಿಗೆ ಉಸಿರು ಹತ್ತಲಿಲ್ಲ. ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ‘ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರ್‌ಗೆ ಹಾಕಬೇಕು, ಆಮೇಲೆ ತೆಗೆಯಲು ಆಗದೇ ಇರಬಹುದು. ಹಾಕಲಾ?’ ಅಂತ ಕೇಳಿದರು. ಹತ್ತು ನಿಮಿಷದಲ್ಲಿ ಹೇಳಬೇಕಿತ್ತು. ಕಾಕಾ ನನಗೆ ಫೋನ್ ಮಾಡಿದರು. ನಾನು ಮೀಟಿಂಗಿನಲ್ಲಿದ್ದೆ. ‘ಹಾಕ್ರಿ’ ಅಂದೆ. ಒಂಬತ್ತು ದಿನ ಐಸಿಯುನಲ್ಲಿದ್ದ. ಮಾತಾಡಲು ಆಗುತ್ತಿರಲಿಲ್ಲ. ಚಿಕ್ಕವ್ವನಿಗೆ ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಹತ್ತು ವರ್ಷ ರಾತ್ರಿಯೆಲ್ಲ ಪಕ್ಕದಲ್ಲಿದ್ದವಳು ಕೊನೆಯ ರಾತ್ರಿ ಹೊರಗಿನ ಬೆಂಚಿನ ಮೇಲಿದ್ದಳು.

ನಮ್ಮ ಉತ್ತರ ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರ್ ತಪ್ಪೂ ಇಲ್ಲ. ಆದರೆ ಆ ಪ್ರಶ್ನೆ ಎರಡು ಮೂರು ವರ್ಷ ಮೊದಲೇ, ಮನೆಯಲ್ಲಿ, ಚಹಾ ಕುಡಿಯುತ್ತ ಬರಬೇಕಿತ್ತು. ಉತ್ತರ ಹೇಳಬೇಕಾದವನು ತಮ್ಮ. ಅವನಿಗೆ ಹದಿನೆಂಟು ದಾಟಿತ್ತು. ಕೃತಕ ಉಸಿರಾಟ ಬೇಕೋ ಬೇಡವೋ ಎಂಬ ತನ್ನ ಇಚ್ಛೆಯನ್ನು ವಯಸ್ಕರು ಮೊದಲೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, 2023ರಲ್ಲಿ ವಿಧಾನವನ್ನು ಸರಳ ಮಾಡಿದೆ. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ‘ಎಲ್ಲಾ ಪ್ರಯತ್ನ ಮಾಡಿ’ ಅನ್ನುವುದೂ ಒಂದು ಇಚ್ಛೆಯೇ, ಅದನ್ನೂ ಬರೆದಿಡಬಹುದು.

ಪಕ್ಕದ ರಾಜ್ಯದಲ್ಲಿ ಆದದ್ದು

ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಸಣ್ಣದಾಗಿ ಶುರುವಾದ ಪ್ಯಾಲಿಯೇಟಿವ್ ಸೇವೆ ಮುಂದೆ ಊರೂರಿನ ಸ್ವಯಂಸೇವಕರ ಜಾಲ ಆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಪ್ಯಾಲಿಯೇಟಿವ್ ನೀತಿ ತಂದಿತು. ಪಂಚಾಯಿತಿ ಕಡೆಯಿಂದ ನರ್ಸ್ ಮನೆಗೇ ಬರುತ್ತಾರೆ. ಅಕ್ಕಪಕ್ಕದವರೇ ತರಬೇತಿ ಪಡೆದು ವಾರಕ್ಕೆ ಕೆಲವು ಗಂಟೆ ರೋಗಿಯ ಮನೆಯಲ್ಲಿ ಕೂರುತ್ತಾರೆ. ಹಿಮಾಚಲದ ಸೋಲನ್‌ನಲ್ಲಿ ಭಾರತೀಯ ಮಸ್ಕ್ಯುಲರ್ ಡಿಸ್ಟ್ರೋಫಿ ಸಂಘ ಇದೆ, ಅದನ್ನು ನಡೆಸುತ್ತಿರುವವರಲ್ಲಿ ಈ ಕಾಯಿಲೆ ಇರುವವರೇ ಇದ್ದಾರೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಪ್ಯಾಲಿಯೇಟಿವ್ ಆರೈಕೆ ಸೇರಿದೆ. ಆದರೆ ನಾವು ಕೇಳಿದ್ದೇ ಇಲ್ಲ. ಕೇಳಲು ಬೇಕಾದ ಪದವೇ ನಮ್ಮ ಹತ್ತಿರ ಇರಲಿಲ್ಲ.

ಫೋನಿನಲ್ಲಿ ಉಳಿಸಿಕೊಳ್ಳಿ

• 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. ಯುಡಿಐಡಿ ಕಾರ್ಡ್ ಮಾಡಿಸಿ. ಮಾಸಾಶನ, ಬಸ್ ಪಾಸ್‌ಗೆ ಅದೇ ಆಧಾರ.

• ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ರಾಜ್ಯದ 2024-25ರ ಬಜೆಟ್ ಘೋಷಿಸಿದೆ. ಮಸ್ಕ್ಯುಲರ್ ಡಿಸ್ಟ್ರೋಫಿ ಅದರಲ್ಲಿ ಸೇರಿದೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

• ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಲ್ಲಿ ಡುಶೆನ್ ಇದೆ. ಕರ್ನಾಟಕದ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ.

• ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಅಪಾಯ.

• ಆಪರೇಷನ್, ಹಲ್ಲು ಕೀಳಿಸುವ ಮೊದಲು ಕಾಯಿಲೆಯ ಹೆಸರು ಹೇಳಿ. ಅರಿವಳಿಕೆಯ ಕೆಲವು ಔಷಧ ಇವರಿಗೆ ಕೊಡುವಂತಿಲ್ಲ.

• ಉಸಿರಾಟದ ತೊಂದರೆ ಆದಾಗ ಬರೀ ಆಕ್ಸಿಜನ್ ಸಾಲದು, ಕೆಲವೊಮ್ಮೆ ಅಪಾಯ. ಬೈಪ್ಯಾಪ್ ಬೇಕಾ ಅಂತ ಕೇಳಿ. ಈ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು ಫೈಲಿನ ಮೇಲೇ ಅಂಟಿಸಿ.

• ಮನಸ್ಸಿನ ಭಾರಕ್ಕೆ ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಸಿಗುತ್ತೆ. ತಾಯಿಯೂ ಕರೆ ಮಾಡಬಹುದು.

ಎರಡು ರಾತ್ರಿ

ಹೋದ ವರ್ಷ ರಾಮದುರ್ಗ ಕಡೆಯ ಒಬ್ಬ ತಾಯಿಯ ಫೋನ್ ಬಂತು. ದೂರದ ಸಂಬಂಧ. ಮಗನಿಗೆ 14, ಅದೇ ಕಾಯಿಲೆ. ಚಿಕ್ಕವ್ವ ಮೊದಲು ವಿಡಿಯೋ ಕಾಲ್‌ನಲ್ಲಿ ದಿಂಬು ಎಲ್ಲಿ ಇಡಬೇಕು ಅಂತ ತೋರಿಸಿದಳು. ಹೊರಳಿಸುವ ಬಟ್ಟೆ, ಕಂಕುಳ ಬದಲು ಎಲ್ಲಿ ಹಿಡಿಯಬೇಕು, ಬೆಳಿಗ್ಗೆ ತಲೆನೋವು ಅಂದರೆ ಎಲ್ಲಿಗೆ ಓಡಬೇಕು, ಎಲ್ಲಾ ಹೇಳಿದಳು. ನಾನು ಓದಿ ಹೇಳಿದ್ದು ಕೆಲವು, ಹೆಚ್ಚಿನದು ಅವಳು ತಾನೇ ಕಲಿತದ್ದು.

ಆಮೇಲೆ ಅವಳು ಒಂದು ತೀರ್ಮಾನ ಮಾಡಿದಳು. ತಿಂಗಳಿಗೊಮ್ಮೆ ಬಸ್ ಹತ್ತಿ ಆ ಮನೆಗೆ ಹೋಗುತ್ತಾಳೆ. ಎರಡು ರಾತ್ರಿ ಅವಳದೇ ಪಾಳಿ. ‘ಹೊಳ್ಳಸ್ರಿ’ ಅಂದಾಗ ಏಳುವವಳು ಅವಳು.

“ಮೊದಲನೇ ಸಲ ಹ್ವಾದಾಗ ಆಕಿ ಮುಂಜಾನೆ ಎಂಟರ ತನಕ ಎದ್ದಿಲ್ಲ ನೋಡವಾ,” ಅಂದಳು ಚಿಕ್ಕವ್ವ ಫೋನಿನಲ್ಲಿ. “ಅತ್ತಿ ಎಬ್ಬಸಾಕ ಹೊಂಟಿದ್ರು. ನಾನ ಬ್ಯಾಡ ಅಂದೆ. ಮಲಗ್ಲಿ ಬಿಡ್ರಿ, ಚಹಾ ನಾ ಮಾಡ್ತೇನಿ ಅಂದೆ.”